ಎಡಗಡೆಗೆ ಮೂರು ಸೀಟಿ

ತೀರ್ಥಹಳ್ಳಿ
5 ಜುಲೈ 2024

ಅಪ್ಪಾ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ಡ್ಯಾಶ್‌ಬೋರ್ಡಿನ ಮೇಲೆ ಎಸೆಯಬೇಡ. ಓದು. ನಿನ್ನ ಕಂಡಕ್ಟರ್ ಪೂರ್ಣೇಶಣ್ಣನ ಕೈಯಲ್ಲಿ ಕೊಟ್ಟಿದ್ದೇನೆ. ಸಾಗರದಿಂದ ತೀರ್ಥಹಳ್ಳಿವರೆಗೆ ಊರವರ ಔಷಧಿ, ಲಗ್ನಪತ್ರಿಕೆ, ಮಿಕ್ಸಿ ಜಾರು ಎಲ್ಲವೂ ನಿನ್ನ ಬಸ್ಸಿನಲ್ಲೇ ಬರುತ್ತವೆ. ಮಗಳ ಒಂದು ಕಾಗದ ಬಂದರೆ ಬಸ್ಸಿಗೆ ಭಾರವಾಗುವುದಿಲ್ಲ.

ಫೋನ್ ಮಾಡಿದರೆ ನೀನು ಕಟ್ ಮಾಡುತ್ತೀಯ. ಮಾಡದಿದ್ದರೂ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿ ಕೇಳಿದರೆ ಬಾಯಿ ಕಟ್ಟುತ್ತಿತ್ತು. ಅದೇ ಉತ್ತರವನ್ನು ಬರೆ ಅಂದರೆ ಬರೆಯುತ್ತಿದ್ದೆ. ಶಾಲೆ ಅಲ್ಲಿಗೇ ಮುಗಿಯಿತು, ಆ ಅಭ್ಯಾಸ ಉಳಿಯಿತು.

ಶ್ರೀಗೌರಿ ಅಕ್ಕನ ಟೈಲರ್ ಅಂಗಡಿ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ. ನನ್ನ ಮಿಷನ್ನು ಕಿಟಕಿಯ ಪಕ್ಕ. ಒಂದೂ ಹತ್ತಕ್ಕೆ ನಿನ್ನ ಬಸ್ಸು ಬಂದು ನಿಲ್ಲುವುದು, ನೀನು ಇಳಿದು ಟೀ ಕುಡಿಯುವುದು, ಒಂದೂವರೆಗೆ ಹೊರಡುವುದು ಎಲ್ಲಾ ಕಾಣುತ್ತದೆ. ಐದು ತಿಂಗಳಲ್ಲಿ ನೀನು ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ.

ಬರೆಯಲು ಕಾರಣ ಅದಲ್ಲ. ಸೋಮವಾರ ಬಸ್ಸು ತಿರುಗಿಸುವಾಗ ಎಡಗಡೆಯ ಕನ್ನಡಿ ಟೀ ಅಂಗಡಿಯ ತಗಡಿಗೆ ಬಡಿಯಿತು. ಬುಧವಾರ ಅದೇ ತಗಡಿಗೆ ಮತ್ತೆ ಬಡಿಯಿತು. ಇಪ್ಪತ್ತಾರು ವರ್ಷದಲ್ಲಿ ನೀನು ಬಸ್ಸಿಗೆ ಒಂದು ಗೀರು ಬೀಳಿಸಿದವನಲ್ಲ.

ಪೂರ್ಣೇಶಣ್ಣನನ್ನು ಕೇಳಿದೆ. ಈಗೀಗ ಅವನು ಟಿಕೆಟ್ ಕೊಡಲು ಹಿಂದಕ್ಕೇ ಹೋಗುವುದಿಲ್ಲವಂತೆ, ಕಾಲೇಜು ಹುಡುಗಿಯರನ್ನು ನೋಡಲು ಮುಂದಿನ ಬಾಗಿಲಲ್ಲೇ ನೇತಾಡುತ್ತಾನಂತೆ. ಬ್ಲೌಸು ಹೊಲಿಸಲು ಬರುವ ಹೆಂಗಸರು ಹಾಗೆ ಆಡಿಕೊಳ್ಳುತ್ತಾರೆ. ನಾನು ಅದನ್ನು ಹೇಳಿ ನಕ್ಕೆ. ಅವನು ನಗಲಿಲ್ಲ. "ಮಾಸ್ತಣ್ಣ ಕಣ್ಣಿನ ಕ್ಯಾಂಪಿಗೆ ಹೋಗಿದ್ರು ತಂಗಿ. ಏನಂದ್ರು ಅಂತ ಅವರನ್ನೇ ಕೇಳು" ಅಂದ.

ಏನಂದರು ಅಪ್ಪ?

ಅವ್ವನ ವಿಷಯ ನಾನು ಎತ್ತುವುದಿಲ್ಲ. ನೀನು ಕಣ್ಣಿನದನ್ನಷ್ಟೇ ಬರೆ.

ಕಿಟಕಿಯ ಹತ್ತಿರ ಇರುವ
ಸುಮನಾ


ವರದಮೂಲ
21 ಜುಲೈ 2024

ಸುಮನಾ,

ನಿನ್ನ ಕಾಗದ ಹದಿನೈದು ದಿನ ಜೇಬಲ್ಲಿತ್ತು. ನಿನ್ನೆ ಓದಿದೆ. ನಾನು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದು.

ಕ್ಯಾಂಪಿಗೆ ಹೋಗಿದ್ದು ನಿಜ. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಒಂದು ಡಬ್ಬದ ಒಳಗೆ ಗಲ್ಲ ಇಟ್ಟು ಕೂರಿಸಿದರು. ಒಂದು ಕಣ್ಣು ಮುಚ್ಚಬೇಕು, ದೀಪ ಮಿನುಗಿದಾಗ ಗುಂಡಿ ಒತ್ತಬೇಕು. ಎಲ್ಲಾ ಆದಮೇಲೆ ನಾನು ನರ್ಸಿಗೆ ಹೇಳಿದೆ, "ಎಡಗಡೆ ದೀಪ ಹಚ್ಚಲೇ ಇಲ್ವಲ್ಲಮ್ಮ." ಅವಳು, "ಹಚ್ಚಿದ್ವಿ ಯಜಮಾನ್ರೇ, ಇಪ್ಪತ್ತು ಸಲ ಹಚ್ಚಿದ್ವಿ" ಅಂದಳು.

ಗ್ಲಕೋಮಾ ಅಂತೆ. ಕಣ್ಣಿನ ಒಳಗೆ ಒತ್ತಡ ಜಾಸ್ತಿಯಾಗಿ ನರ ಒಣಗುತ್ತಾ ಹೋಗುತ್ತದಂತೆ. ನೋವಿಲ್ಲ, ಕೆಂಪಾಗಲಿಲ್ಲ, ನನಗೆ ಗೊತ್ತೇ ಆಗಲಿಲ್ಲ. ಎಡಗಣ್ಣು ಬಹಳ ಹೋಗಿದೆ, ಬಲಗಣ್ಣು ಸ್ವಲ್ಪ. ಡ್ರಾಪ್ಸ್ ಕೊಟ್ಟಿದ್ದಾರೆ, ಸಾಯುವವರೆಗೆ ಹಾಕಬೇಕು. ಹಾಕಿದರೂ ಹೋದದ್ದು ಬರಲ್ಲ, ಇರುವುದು ಉಳಿಯುತ್ತದೆ ಅಂದರು.

ನೀನು ಎತ್ತುವುದಿಲ್ಲ ಅಂದೆ. ನಾನು ಎತ್ತುತ್ತೇನೆ.

ಫೆಬ್ರವರಿ ಒಂಬತ್ತನೇ ತಾರೀಕು ನಿಮ್ಮವ್ವ ಸಾಗರದ ಆಸ್ಪತ್ರೆಯಲ್ಲಿ ತೀರಿಹೋದಾಗ ನಾನು ತೀರ್ಥಹಳ್ಳಿಯಲ್ಲಿ ಟೀ ಕುಡೀತಿದ್ದೆ. ಫೋನು ಬಂತು. ಬಸ್ಸು ತುಂಬಾ ಜನ, ಬಿಟ್ಟು ಬರೋಕಾಗುತ್ತಾ? ಅದೇ ಬಸ್ಸು ಓಡಿಸಿಕೊಂಡು ಬಂದೆ. ಹೊಸನಗರದಲ್ಲಿ ಒಬ್ಬಳು ಕೋಳಿ ಬುಟ್ಟಿ ಇಳಿಸಿಕೊಳ್ಳೋಕೆ ಐದು ನಿಮಿಷ ತಗೊಂಡಳು, ಅದಕ್ಕೂ ಕಾದೆ. ಬಂದು ನೋಡಿದರೆ ಗುತ್ಯಮ್ಮನ ಕಣ್ಣಿನ ಮೇಲೆ ಹತ್ತಿ. "ಮಗಳು ಸಹಿ ಹಾಕಿದ್ದಾಳೆ, ಕಣ್ಣು ದಾನ ಆಗಿದೆ" ಅಂದರು.

ನಾನು ಸೈಕಲ್ಲಲ್ಲಿ ಬರೋದನ್ನ ತಿರುವಿನಿಂದಲೇ ಗುರುತು ಹಿಡಿದು ಒಲೆ ಮೇಲೆ ನೀರಿಡ್ತಿದ್ದವಳು ಅವಳು. ಅವತ್ತು ನಾನು ಬಂದಾಗ ಅವಳಿಗೆ ಕಣ್ಣಿರಲಿಲ್ಲ.

ಈಗ ನನಗೆ ಬೇಕಾಗಿದೆ. ಕಣ್ಣಿನ ಬ್ಯಾಂಕು ಅಂತ ಕರೀತಾರಲ್ಲ, ಬ್ಯಾಂಕಲ್ಲಿ ಇಟ್ಟಿದ್ದು ಇಟ್ಟವರ ಮನೆಯವರಿಗೆ ಸಿಗಬೇಕು. ನೀನು ಅವಸರ ಮಾಡದಿದ್ದರೆ, ಅವಳ ಕಣ್ಣಿನಲ್ಲೇ ನಾನು ಇನ್ನು ಹತ್ತು ವರ್ಷ ಬಸ್ಸು ಓಡಿಸುತ್ತಿದ್ದೆ. ಯಾರಿಗೋ ಕೊಟ್ಟೆ.

ಕೇಳಿದ್ದಕ್ಕೆ ಬರೆದಿದ್ದೇನೆ.

ಮಾಸ್ತಪ್ಪ


ತೀರ್ಥಹಳ್ಳಿ
11 ಆಗಸ್ಟ್ 2024

ಅಪ್ಪಾ,

ನೀನು ಕೊನೆಗೆ ಹೆಸರು ಬರೆದಿದ್ದೀಯ, ಅಪ್ಪ ಎಂದು ಬರೆದಿಲ್ಲ. ನೋಡಿದೆ.

ಮೂರು ವಾರ ಏನು ಬರೆಯಬೇಕು ಎಂದೇ ತಿಳಿಯಲಿಲ್ಲ. ಹೊಲಿಯುತ್ತಾ ಕೂತರೆ ನಿನ್ನ ಮಾತೇ ಮಿಷನ್ನಿನ ಜೊತೆ ಓಡುತ್ತಿತ್ತು. ಎರಡು ಬ್ಲೌಸಿಗೆ ಎಡಗೈ ತೋಳು ಬಲಕ್ಕೆ ಕೂರಿಸಿದೆ. ಶ್ರೀಗೌರಿ ಅಕ್ಕ ಬೈಯಲಿಲ್ಲ. "ಬಿಚ್ಚು, ಮತ್ತೆ ಹೊಲಿ" ಎಂದರು, ಅಷ್ಟೇ.

ಅವ್ವನೇ ಹೇಳಿದ್ದಳು ಅಪ್ಪ. ಸಂಘದ ಮೀಟಿಂಗಿಗೆ ಯಾರೋ ಬಂದು ಕಣ್ಣಿನ ದಾನದ ಬಗ್ಗೆ ಮಾತಾಡಿದ್ದರಂತೆ. ಅವತ್ತು ಸಂಜೆ ಅಕ್ಕಿ ಆರಿಸುತ್ತಾ, "ನಾ ಹೋದ್ರೆ ನನ್ನ ಕಣ್ಣು ಕೊಟ್ಬಿಡು. ನಿಮ್ಮಪ್ಪಂಗೆ ಈಗ ಹೇಳ್ಬೇಡ, ಕೂಗಾಡ್ತಾರೆ" ಅಂದಳು. ನಾನು ನಕ್ಕಿದ್ದೆ. ಆಗ ಅವಳಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ, ಜೀವ ಹೋದ ಆರು ಗಂಟೆಯ ಒಳಗೆ ತೆಗೆಯಬೇಕು ಅಂದರು, ನಾನು ಸಹಿ ಹಾಕಿದೆ.

ನನ್ನದು ಒಂದು ಮಾತಿದೆ. ನನಗೆ ಎರಡು ಕಣ್ಣಿವೆ. ಸೂಜಿಗೆ ದಾರ ಪೋಣಿಸಲು ಒಂದು ಸಾಕು. ಶ್ರೀಗೌರಿ ಅಕ್ಕ ಪೋಣಿಸುವಾಗ ಒಂದು ಕಣ್ಣು ಮುಚ್ಚಿಯೇ ಪೋಣಿಸುತ್ತಾರೆ. ಶನಿವಾರ ಶನಿವಾರ ಇಲ್ಲಿಗೆ ಶಿವಮೊಗ್ಗದಿಂದ ಕಣ್ಣಿನ ಡಾಕ್ಟರು ಬರುತ್ತಾರೆ. ಹೋಗಿ ಕೇಳುತ್ತೇನೆ. ಆಗುತ್ತದೆ ಅಂದರೆ ತೆಗೆದುಕೋ.

ಸುಮನಾ


ವರದಮೂಲ
25 ಆಗಸ್ಟ್ 2024

ಸುಮನಾ,

ಹುಚ್ಚಿ. ನಿನ್ನ ಕಣ್ಣು ಬೇಡ. ಮದುವೆ ಆಗಬೇಕಾದವಳು ನೀನು.

ಆದರೂ ಹೋಗುವುದಾದರೆ ಹೋಗು. ನಿನ್ನದನ್ನು ಕೇಳಬೇಡ, ಬೇರೆ ಯಾರದ್ದಾದರೂ ಸಿಗುತ್ತದಾ, ಹೆಸರು ಬರೆಸಿ ಕಾಯಬಹುದಾ ಕೇಳು. ಫೈಲು ಪೂರ್ಣೇಶನ ಹತ್ತಿರ ಕೊಟ್ಟು ಕಳಿಸಿದ್ದೇನೆ.

ಡ್ರಾಪ್ಸ್ ಹಾಕ್ತೀಯಾ ಅಂತ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಕೆಲವು ದಿನ ಬಿಡುತ್ತೇನೆ. ಬೆಳಿಗ್ಗೆ ಹಾಕಿದರೆ ಉರಿಯುತ್ತೆ, ಅರ್ಧ ಗಂಟೆ ಮಬ್ಬು. ಆರೂವರೆಗೆ ಬಸ್ಸು ತೆಗೀಬೇಕು. ಹೇಗಿದ್ದರೂ ಬೇರೆ ಕಣ್ಣು ಹಾಕಿಸಬಹುದು ಅಂತ ಮನಸ್ಸಿಗೆ ಬಂದಮೇಲೆ ಈ ಹಳೇದಕ್ಕೆ ಔಷಧಿ ಯಾಕೆ ಅನ್ನಿಸಿತು.

ಗುತ್ಯಮ್ಮ ಅಕ್ಕಿ ಆರಿಸುವಾಗ ಹೇಳಿದ್ದು ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಹೇಳಬಹುದಿತ್ತು. ನಾನು ಕೂಗಾಡುತ್ತಿದ್ದೆ, ಅದು ನಿಜ.

ಮಾಸ್ತಪ್ಪ


ತೀರ್ಥಹಳ್ಳಿ
15 ಸೆಪ್ಟೆಂಬರ್ 2024

ಅಪ್ಪಾ,

ನಿನ್ನೆ ಹೋಗಿದ್ದೆ. ಎರಡು ಶನಿವಾರ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೆ. ಮೂರನೇ ಸಲ ಶ್ರೀಗೌರಿ ಅಕ್ಕ ಅಂಗಡಿ ಮುಚ್ಚಿ ಜೊತೆಗೇ ಬಂದರು. "ಎಂತಕ್ಕೆ ಹೆದರ್ತೀಯೆ, ಡಾಕ್ಟ್ರು ಎಂತ ಹುಲಿಯಾ?" ಎಂದು ಬೆನ್ನಿಗೆ ಕೈ ಹಾಕಿ ಒಳಗೆ ತಳ್ಳಿದರು.

ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅದನ್ನೇ ಡಾಕ್ಟರ ಮುಂದೆ ಇಟ್ಟೆ. "ನನ್ನ ಒಂದು ಕಣ್ಣನ್ನು ಅಪ್ಪನಿಗೆ ಹಾಕಲು ಬರುತ್ತದೆಯೇ? ಇಲ್ಲವಾದರೆ ಸತ್ತವರದ್ದು?" ನಗುತ್ತಾರೆ ಅಂದುಕೊಂಡಿದ್ದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನಾವು ಪೂರ್ತಿ ಕಣ್ಣು ಬದಲಾಯಿಸಲ್ಲಮ್ಮ. ಮುಂದೆ ಒಂದು ಪಾರದರ್ಶಕ ಪೊರೆ ಇರುತ್ತೆ, ಕಾರ್ನಿಯಾ ಅಂತ. ಅದು ಬೆಳ್ಳಗಾಗಿ ಕುರುಡಾದವರಿಗೆ ಸತ್ತವರ ಕಾರ್ನಿಯಾ ಹಾಕ್ತೀವಿ. ನಿಮ್ಮ ತಂದೆಗೆ ಅದು ಚೆನ್ನಾಗೇ ಇದೆ. ಹೋಗಿರೋದು ಹಿಂದಿನ ನರ. ಕಣ್ಣಿಂದ ಮೆದುಳಿಗೆ ಹೋಗೋ ನರದಲ್ಲಿ ಹತ್ತು ಲಕ್ಷದಷ್ಟು ಎಳೆ ಇರುತ್ತೆ. ಅದನ್ನ ಕಡಿದು ಮತ್ತೆ ಜೋಡಿಸೋದು ಇನ್ನೂ ಯಾರಿಗೂ ಬಂದಿಲ್ಲ."

ಹೊರದೇಶದಲ್ಲಿ ಒಬ್ಬರಿಗೆ ಇಡೀ ಕಣ್ಣನ್ನೇ ಕೂರಿಸಿದ್ದಾರಂತೆ. ಕಣ್ಣು ಬದುಕಿದೆ, ರಕ್ತ ಓಡಾಡುತ್ತಿದೆ, ನೋಟ ಮಾತ್ರ ಬಂದಿಲ್ಲವಂತೆ. ಮುಂದೆ ಎಂದಾದರೂ ಆದೀತು, ನಿಮ್ಮ ತಂದೆಗೆ ಅದನ್ನು ನಂಬಿಕೊಂಡು ಕೂರಬೇಡಿ ಅಂದರು.

ನಿನಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ. ಹೆಡ್‌ಲೈಟಿನ ಗಾಜು ಒಡೆದರೆ ಬೇರೆ ಬಸ್ಸಿನ ಗಾಜು ತಂದು ಹಾಕಬಹುದು. ನಿನ್ನ ಗಾಜು ಒಡೆದಿಲ್ಲ. ಒಳಗಿನ ವೈರು ಸುಟ್ಟಿದೆ. ದಾರವಾಗಿದ್ದರೆ ಹತ್ತು ಲಕ್ಷವನ್ನೂ ನಾನು ಕೂತು ಒಂದೊಂದಾಗಿ ಗಂಟು ಹಾಕುತ್ತಿದ್ದೆ.

ಅವ್ವನ ಕಣ್ಣಿನ ವಿಷಯವನ್ನೂ ಕೇಳಿದೆ. ಈ ಸಲ ಬಾಯಲ್ಲೇ ಕೇಳಿದೆ. ಕಣ್ಣಿನ ಬ್ಯಾಂಕಿನಲ್ಲಿ ವರ್ಷಗಟ್ಟಲೆ ಇಡಲು ಆಗುವುದಿಲ್ಲವಂತೆ, ಕೆಲವು ದಿನ ಮಾತ್ರ. ಇಟ್ಟಿದ್ದರೂ ನಿನಗೆ ಉಪಯೋಗವಿರಲಿಲ್ಲ. ಅವ್ವನದ್ದಾಗಲಿ, ನನ್ನದಾಗಲಿ, ಯಾರದ್ದೂ ನಿನಗೆ ಆಗುವುದಿಲ್ಲ ಅಪ್ಪ. ನಾನು ನಿನ್ನಿಂದ ಏನನ್ನೂ ಕಿತ್ತುಕೊಂಡಿಲ್ಲ ಎಂದು ಗೊತ್ತಾದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನನ್ನ ಕಣ್ಣಿನ ಒತ್ತಡವನ್ನೂ ನೋಡಿದರು. ಇದು ಮನೆತನದಲ್ಲಿ ಬರುವುದುಂಟಂತೆ. ಈಗೇನೂ ಇಲ್ಲ, ವರ್ಷಕ್ಕೊಮ್ಮೆ ತೋರಿಸಬೇಕು.

ಡ್ರಾಪ್ಸ್ ಬಿಟ್ಟರೆ ಇರುವುದೂ ಹೋಗುತ್ತದೆ. ಬಿಡಬೇಡ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕ ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕಂತೆ.

ಇನ್ನೊಂದು. ಕೊನೆಗೆ ಅವರು ಏನೋ ಬರೆಯುತ್ತಾ, "ತಂದೆ ಏನು ಕೆಲಸ ಮಾಡ್ತಾರೆ?" ಅಂದರು. ಬಸ್ ಡ್ರೈವರ್ ಅಂದೆ. ಪೆನ್ನು ಕೆಳಗಿಟ್ಟರು.

"ಈಗಲೂ?"

"ಈಗಲೂ ಸಾರ್."

ಫೈಲಿನ ಎರಡನೇ ಹಾಳೆ ತಿರುಗಿಸಿ ತೋರಿಸಿದರು. ವಾಹನ ಓಡಿಸಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿದೆಯಂತೆ, ಕೆಳಗೆ ಗೀಟು ಹಾಕಿದೆ. ಅದನ್ನು ನಿನಗೆ ಯಾರೂ ಬಾಯಲ್ಲಿ ಹೇಳಲಿಲ್ಲವೇ? ಹೇಳಿದ್ದರೆ ಆ ಒಂದು ಮಾತನ್ನು ಮಾತ್ರ ನನಗೆ ಯಾಕೆ ಬರೆಯಲಿಲ್ಲ?

ಉತ್ತರಕ್ಕೆ ಕಾಯುವ
ಸುಮನಾ


ಹೊಸನಗರ ಬಸ್‌ಸ್ಟ್ಯಾಂಡ್
20 ಅಕ್ಟೋಬರ್ 2024

ಸುಮನಾ ತಂಗಿಗೆ ಪೂರ್ಣೇಶ ಬರೆಯೋದು.

ನಾನು ಟಿಕೆಟ್ ಹರಿದವನೇ ಹೊರತು ಕಾಗದ ಬರೆದವನಲ್ಲ. ಮಾಸ್ತಣ್ಣ ನಿಂಗೆ ಉತ್ತರ ಬರೆದಿಲ್ಲ ಅಂತ ಗೊತ್ತು, ಯಾಕಂದ್ರೆ ಕವರು ತರೋನು ನಾನೇ. ಅದಕ್ಕೆ ಇದನ್ನ ಅವರಿಗೆ ಕಾಣದ ಹಾಗೆ ಬರೀತಿದೀನಿ. ಎಡಗಡೆ ಕೂತು ಬರೆದ್ರೆ ಸಾಕು, ಕಾಣಲ್ಲ. ಇದು ತಮಾಷೆ ಅಲ್ಲ ತಂಗಿ.

ಯುಗಾದಿಯಿಂದ ನಮ್ಮಲ್ಲಿ ಒಂದು ಏರ್ಪಾಡು ಇದೆ. ಒಂದು ಸೀಟಿ ಊದಿದ್ರೆ ನಿಲ್ಲು, ಎರಡು ಊದಿದ್ರೆ ಹೊರಡು, ಇದು ಎಲ್ಲಾ ಬಸ್ಸಲ್ಲೂ ಇರೋದೇ. ನಮ್ಮಲ್ಲಿ ಇನ್ನೊಂದು ಇದೆ. ಮೂರು ಸಣ್ಣ ಸೀಟಿ ಅಂದ್ರೆ ಎಡಗಡೆ ಏನೋ ಇದೆ. ಸೈಕಲ್ಲು, ದನ, ಮನುಷ್ಯ, ಏನಾದ್ರೂ. ಅದಕ್ಕೇ ನಾನು ಮುಂದಿನ ಬಾಗಿಲು ಬಿಡಲ್ಲ. ಕಾಲೇಜು ಹುಡ್ಗೀರ ಕತೆ ಯಾರೋ ನನ್ನ ಹೆಂಡ್ತಿಗೂ ಮುಟ್ಟಿಸಿದಾರೆ. ಮನೇಲಿ ತಟ್ಟೆಗೆ ಅನ್ನ ಬೀಳೋ ಸದ್ದೇ ಬೇರೆ ಆಗಿದೆ. ಆದ್ರೂ ಬಾಯಿ ಬಿಟ್ಟಿಲ್ಲ. ನಂಗೆ ಈ ಕೆಲಸ ಕೊಡಿಸಿದ್ದು ಮಾಸ್ತಣ್ಣ.

ಮಂಗಳವಾರ ಬಟ್ಟೆಮಲ್ಲಪ್ಪ ಸ್ಟಾಪಲ್ಲಿ ಹಿಂದಿನ ಸೀಟಿಗೆ ಇಬ್ಬರು ಜಗಳಕ್ಕೆ ಬಿದ್ರು. ಬಿಡಿಸೋಕೆ ಹೋದೆ. ಅಷ್ಟರಲ್ಲಿ ಮುಂದೆ ನಿಂತಿದ್ದ ಯಾರೋ ಪುಣ್ಯಾತ್ಮ "ರೈಟ್ ರೈಟ್, ಹೋಗ್ಲಿ" ಅಂದ. ಬಸ್ಸು ಹೊರಟಿತು. ಮುಂದಿನ ಬಾಗಿಲಿಂದ ಇಳಿದಿದ್ದ ಕೆರಿಯಮ್ಮಜ್ಜಿ ಬಿದ್ದ ಚೀಲ ಎತ್ತಿಕೊಳ್ಳೋಕೆ ಎಡಗಡೆ ಚಕ್ರದ ಹತ್ರ ಬಗ್ಗಿದ್ರು. ಜನ ಕೂಗಿದ್ರು. ಚಕ್ರ ಚೀಲದ ಮೇಲೆ ಹೋಗಿ ನಿಂತಿತು. ಚೀಲ ಅಜ್ಜಿ ಕೈಯಲ್ಲೇ ಇತ್ತು, ಹಿಡಿಕೆ ಮಾತ್ರ.

ಅಜ್ಜಿ ಎದ್ದು ನಿಂತು, "ಏ ಮಾಸ್ತ, ಕಣ್ಣು ಎಲ್ಲಿಟ್ಕಂಡಿದ್ಯಾ? ಚಡ್ಡಿ ಹಾಕ್ದಾಗಿಂದ ನೋಡಿದೀನಿ ನಿನ್ನ, ಈಗ ಕೊಬ್ಬು ಬಂತಾ? ನಾ ಸತ್ರೆ ನನ್ನ ಕೋಳಿಗೆ ನಿಮ್ಮಪ್ಪ ಬಂದು ಕಾಳು ಹಾಕ್ತಾನಾ?" ಅಂದ್ರು. ಬಸ್ಸಿಗೆ ಬಸ್ಸೇ ನಕ್ಕಿತು. ಮಾಸ್ತಣ್ಣ ನಗಲಿಲ್ಲ. ಹೊಸನಗರಕ್ಕೆ ಬಂದ ಮೇಲೂ ಸ್ಟೇರಿಂಗಿನಿಂದ ಕೈ ತೆಗೀಲಿಲ್ಲ. ಟೀ ತಂದುಕೊಟ್ಟೆ, ಅಲ್ಲೇ ಆರಿತು.

ಬುಧವಾರ ಮತ್ತೆ ಓಡಿಸಿದ್ರು. ನಾನು ಮತ್ತೆ ಸೀಟಿ ಊದಿದೆ. ನಂಗೆ ಸಾಕಾಗಿದೆ ತಂಗಿ. ನಿದ್ದೆಯಲ್ಲೂ ಮೂರು ಸೀಟಿ ಊದ್ತೀನಂತೆ. ನೀನು ಏನಾದ್ರೂ ಮಾಡು. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡ.

ಪೂರ್ಣೇಶ, ಕಂಡಕ್ಟರ್


ತೀರ್ಥಹಳ್ಳಿ
27 ಅಕ್ಟೋಬರ್ 2024

ಅಪ್ಪಾ,

ಇದರ ಜೊತೆ ಇನ್ನೊಂದು ಕವರಿದೆ. ಅದರ ಮೇಲೆ ಬಸ್ಸಿನ ಮಾಲೀಕರ ಹೆಸರಿದೆ. ಅಂಟಿಸಿಲ್ಲ. ಮೊದಲು ಅದನ್ನು ಓದು, ಆಮೇಲೆ ಇದನ್ನು ಓದು.

ಕೆರಿಯಮ್ಮಜ್ಜಿಯ ಚೀಲದ ವಿಷಯ ನನಗೆ ಗೊತ್ತಾಯಿತು. ಯಾರು ಹೇಳಿದರು ಎಂದು ಕೇಳಬೇಡ. ಬಸ್ಸಿನಲ್ಲಿ ಐವತ್ತು ಜನರಿದ್ದರು.

ಇದನ್ನು ಅಂಚೆಗೆ ಹಾಕಬಹುದಿತ್ತು. ಹಾಕಲೆಂದು ಪೋಸ್ಟಾಫೀಸಿನವರೆಗೂ ಹೋದೆ. ಆಗ ಒಂದು ವಿಷಯ ನೆನಪಾಯಿತು. ಅದನ್ನು ನಿನಗೆ ನಾನು ಸರಿಯಾಗಿ ಹೇಳಿಲ್ಲ.

ಅವ್ವ ಹೋದದ್ದು ಮಧ್ಯಾಹ್ನ ಒಂದೂ ಕಾಲಿಗೆ. ಆರು ಗಂಟೆಯ ಒಳಗೆ ತೆಗೆಯಬೇಕು ಅಂದಿದ್ದರು. ನಿನ್ನ ಬಸ್ಸು ನಾಲ್ಕೂವರೆಗೆ ಸಾಗರಕ್ಕೆ ಬರುತ್ತದೆ. ಲೆಕ್ಕ ನನಗೂ ಬರುತ್ತದೆ ಅಪ್ಪ. ಕಾಯಬಹುದಿತ್ತು. "ತಂದೆ ಬರ್ತಾರಾ, ಕಾಯೋಣ್ವಾ?" ಎಂದು ಅವರು ಕೇಳಿದರು. ನಾನೇ ಬೇಡ ಅಂದೆ. ನೀನು ಬಂದರೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಅವ್ವ ನನ್ನಲ್ಲಿ ಕೇಳಿದ್ದು ಅದೊಂದೇ. ಅದಕ್ಕೆ ಕಾಯಲಿಲ್ಲ. ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ನೀನು ಬಂದು ಒಮ್ಮೆ ಅವಳ ಮುಖ ನೋಡಲಿ ಎಂದು ಕಾಯಲಿಲ್ಲವಲ್ಲ, ಅದು ನನ್ನನ್ನು ಬಿಡುವುದಿಲ್ಲ.

ಈ ಸಲ ನಿನ್ನ ಬೆನ್ನ ಹಿಂದೆ ಮಾಡುವುದಿಲ್ಲ. ಕವರು ನಿನ್ನ ಬಸ್ಸಿನಲ್ಲೇ ಬರುತ್ತಿದೆ, ನಿನ್ನ ಕೈಯಲ್ಲೇ ಇದೆ. ಕೊಡುವುದೂ ಹರಿಯುವುದೂ ನಿನಗೆ ಬಿಟ್ಟದ್ದು. ನಾನು ಇನ್ನೊಂದು ಬರೆಯುವುದಿಲ್ಲ.

ಸುಮನಾ


(ಅಂಟಿಸದ ಕವರಿನಲ್ಲಿ)

ಬಸ್ಸಿನ ಮಾಲೀಕರಾದ ಕೃಷ್ಣಕುಮಾರ್ ಅವರಿಗೆ,

ನಾನು ನಿಮ್ಮ ಡ್ರೈವರ್ ಮಾಸ್ತಪ್ಪನವರ ಮಗಳು. ನಮ್ಮಪ್ಪನಿಗೆ ಗ್ಲಕೋಮಾ ಎಂಬ ಕಣ್ಣಿನ ಕಾಯಿಲೆ ಇದೆ. ಎಡಗಡೆ ಬರುವುದು ಅವರಿಗೆ ಕಾಣುವುದಿಲ್ಲ. ಇದಕ್ಕೆ ಬೇರೆ ಕಣ್ಣು ಹಾಕಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬಸ್ಸು ಓಡಿಸಬಾರದು ಎಂದೂ ಬರೆದುಕೊಟ್ಟಿದ್ದಾರೆ. ನಮ್ಮಪ್ಪ ಕೆಟ್ಟವರಲ್ಲ. ಅವರಿಗೆ ಬೇರೆ ಕೆಲಸ ಗೊತ್ತಿಲ್ಲ, ಅದಕ್ಕೆ ಹೇಳಿಲ್ಲ. ದಯವಿಟ್ಟು ಜನರ ಮುಂದೆ ಬೈಯಬೇಡಿ.

ಮಾಸ್ತಪ್ಪನವರ ಮಗಳು ಸುಮನಾ


ತೀರ್ಥಹಳ್ಳಿ
17 ನವೆಂಬರ್ 2024

ಅಪ್ಪಾ,

ಇಂದೂ ನೀನೇ ಓಡಿಸಿಕೊಂಡು ಬಂದೆ.

ಒಂದು ಗಂಟೆಯಾದರೆ ಮಿಷನ್ನು ನಿಲ್ಲಿಸುತ್ತೇನೆ. ಬಸ್ಸು ಬಂದು ನಿಂತ ಮೇಲೆ ಮತ್ತೆ ತುಳಿಯುತ್ತೇನೆ. ಹಬ್ಬದ ಬಟ್ಟೆ ಮುಗಿಯಿತು, ಈಗ ಮದುವೆಯದು ಬರುತ್ತಿದೆ. ಸುಸ್ತಾಗಿದೆ ಅಪ್ಪ, ಹೊಲಿಗೆಯಿಂದ ಅಲ್ಲ.

ಬೇರೇನೂ ಬರೆಯಲು ಇಲ್ಲ.

ಸು.


ವರದಮೂಲ
8 ಡಿಸೆಂಬರ್ 2024

ಸುಮನಾ,

ಮೊನ್ನೆ ಸೋಮವಾರ ಕವರು ಕೊಟ್ಟೆ.

ಅಷ್ಟು ದಿನ ಜೇಬಲ್ಲೇ ಇತ್ತು. ಶರ್ಟು ಬದಲಾಯಿಸಿದಾಗಲೆಲ್ಲ ಆ ಜೇಬಿಂದ ಈ ಜೇಬಿಗೆ ಹಾಕಿಕೊಂಡೆ. ಹರಿಯಬೇಕು ಅಂತ ಎರಡು ಸಲ ತೆಗೆದೆ. ನೀನು ಅಂಟಿಸಿದ್ದರೆ ಹರಿದುಬಿಡುತ್ತಿದ್ದೆ.

ನನಗೆ ಇನ್ನೂ ಒಂದು ಅನುಮಾನ ಇತ್ತು. ಡಬ್ಬದೊಳಗಿನ ದೀಪ ಬೇರೆ, ರಸ್ತೆ ಬೇರೆ ಅಂತ. ಭಾನುವಾರ ಶೆಡ್ಡಿನಲ್ಲಿ ಬಸ್ಸು ತೊಳೆದ ಮೇಲೆ ಪೂರ್ಣೇಶನಿಗೆ, ಎಡಗಡೆ ಎಲ್ಲಾದರೂ ನಿಲ್ಲು, ಸೀಟಿ ಊದಬೇಡ, ಮಾತಾಡಬೇಡ ಅಂದೆ. ನಾನು ಸೀಟಿನಲ್ಲಿ ಕೂತು, ಓಡಿಸುವಾಗ ನೋಡುವ ಹಾಗೆ ನೇರ ನೋಡಿದೆ. ಗೋಡೆ ಕಂಡಿತು, ನಲ್ಲಿ ಕಂಡಿತು. ಅವನು ಕಾಣಲಿಲ್ಲ. ದೂರ ಹೋಗಿದ್ದಾನೆ ಅಂದುಕೊಂಡೆ. "ಎಲ್ಲಿದೀಯೋ?" ಅಂದೆ. "ಇಲ್ಲೇ ಇದೀನಿ ಮಾಸ್ತಣ್ಣ, ಬಂಪರ್ ಮೇಲೆ ಕೈ ಇಟ್ಕಂಡು" ಅಂದ. ಅಳುತ್ತಿದ್ದ ಅಂತ ಕಾಣುತ್ತೆ. ತಲೆ ತಿರುಗಿಸಿದ ಮೇಲೆ ಕಂಡ.

ಕಪ್ಪು ಇರುತ್ತೆ ಅಂದುಕೊಂಡಿದ್ದೆ ಸುಮನಾ. ಕಪ್ಪು ಇರಲ್ಲ. ಏನೂ ಇಲ್ಲ ಅನ್ನೋದೂ ಗೊತ್ತಾಗಲ್ಲ. ರಸ್ತೆ ಖಾಲಿ ಇದ್ದ ಹಾಗೇ ಕಾಣುತ್ತೆ.

ಕೃಷ್ಣಕುಮಾರರು ಓದಿದರು. "ಎಷ್ಟು ದಿನದಿಂದ?" ಅಂದರು. ಯುಗಾದಿಯಿಂದ ಅಂದೆ. "ನನ್ನ ಮೊಮ್ಮಕ್ಕಳು ನಿನ್ನ ಬಸ್ಸಲ್ಲೇ ಶಾಲೆಗೆ ಹೋಗ್ತಾರೋ ಮಾಸ್ತಪ್ಪ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಕೀಲಿ ಮೇಜಿನ ಮೇಲೆ ಇಟ್ಟೆ. ಪೂರ್ಣೇಶನ ಹೆಸರು ಎತ್ತಲಿಲ್ಲ. ನೀನೂ ಬರೆದಿರಲಿಲ್ಲ, ಒಳ್ಳೇದು ಮಾಡಿದೆ.

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಜನ ಕರೆಯುವ ಕೆಲಸ ಕೊಟ್ಟಿದ್ದಾರೆ. "ಹೊಸನಗರ, ಹೊಸನಗರ, ತೀರ್ಥಹಳ್ಳಿ" ಅಂತ ಕೂಗುತ್ತೇನೆ. ಇಪ್ಪತ್ತಾರು ವರ್ಷ ಬೇರೆಯವರು ಕೂಗಿದ್ದು ಕೇಳಿದ್ದೆ, ನನ್ನ ಗಂಟಲು ಏಳಲಿಲ್ಲ. ಮೊದಲ ದಿನ ಒಬ್ಬ, "ಏನ್ ಡ್ರೈವರ್ರೇ, ಬಸ್ಸು ನಿಮ್ಮನ್ನ ಬಿಟ್ಟು ಹೋಯ್ತಾ?" ಅಂದ. ಹೌದು ಅಂದೆ.

ಬಸ್ಸು ಹೊರಡುವಾಗ ಪೂರ್ಣೇಶ ಎರಡು ಸೀಟಿ ಊದುತ್ತಾನೆ. ನೆಲದ ಮೇಲೆ ನಿಂತೇ ನನ್ನ ಕಾಲು ಕ್ಲಚ್ಚು ಒತ್ತುತ್ತೆ.

ಡ್ರಾಪ್ಸ್ ನಿನ್ನ ಸೋದರತ್ತೆ ಬಂದು ಹಾಕುತ್ತಾಳೆ. ಒಂದು ಹನಿ ಕಣ್ಣಿಗೆ, ಮೂರು ಹನಿ ಕೆನ್ನೆಗೆ.

ಮಾಸ್ತಪ್ಪ


ತೀರ್ಥಹಳ್ಳಿ
19 ಜನವರಿ 2025

ಅಪ್ಪಾ,

ಹೊಸ ಡ್ರೈವರ್ ಒಂದೂ ಹತ್ತಕ್ಕೆ ಬರುವುದಿಲ್ಲ, ಒಂದೂ ಕಾಲಾಗುತ್ತದೆ. ಟೀ ಅಂಗಡಿಯ ತಗಡಿಗೆ ಇನ್ನೂ ಬಡಿದಿಲ್ಲ. ಪೂರ್ಣೇಶಣ್ಣ ಈಗ ಬಸ್ಸಿನ ಹಿಂದಿನವರೆಗೂ ಹೋಗಿ ಟಿಕೆಟ್ ಕೊಡುತ್ತಾನೆ. "ಅಂತೂ ಹೆಂಡ್ತಿ ಕೈಲಿ ಬೈಸ್ಕಂಡು ಬುದ್ಧಿ ಬಂತು" ಎಂದು ನಮ್ಮ ಅಂಗಡಿಯ ಹೆಂಗಸರು ಹೇಳುತ್ತಾರೆ. ನಾನು ತಲೆ ಬಗ್ಗಿಸಿ ಹೊಲಿಯುತ್ತೇನೆ.

ನಿನ್ನ ಕಾಗದ ಬಂದು ಇಷ್ಟು ದಿನವಾದರೂ ಉತ್ತರ ಬರೆಯಲು ಆಗಲಿಲ್ಲ. ಮೂರು ಸಲ ಶುರು ಮಾಡಿದೆ. ಮೂರು ಸಲವೂ ಅದೇ ಜಾಗಕ್ಕೆ ಬಂದು ನಿಂತಿತು, ಬಂಪರ್ ಮೇಲೆ ಕೈ ಇಟ್ಟುಕೊಂಡು ಅನ್ನುವಲ್ಲಿಗೆ.

ಫೆಬ್ರವರಿ ಒಂಬತ್ತಕ್ಕೆ ಅವ್ವನ ವರ್ಷದ ಎಡೆ. ನಾನು ಬರಲೇ?

ಸುಮನಾ


ವರದಮೂಲ
16 ಫೆಬ್ರವರಿ 2025

ಸುಮನಾ,

ನೀನು ಬಂದೆ, ಹೋದೆ. ಎಡೆ ಇಟ್ಟೆವು, ಊಟ ಮಾಡಿದೆವು. ಇಬ್ಬರೂ ಮಾತಾಡಲಿಲ್ಲ. ನೀನು ತಟ್ಟೆ ಇಡುವಾಗ ನನ್ನ ಬಲಗಡೆಗೆ ಇಟ್ಟೆ. ನೀರಿನ ಲೋಟವನ್ನೂ ಬಲಗಡೆಗೆ ಇಟ್ಟೆ. ನನಗೆ ಗೊತ್ತಾಯಿತು.

ಬಾಯಲ್ಲಿ ಕೇಳಬೇಕು ಅಂತಲೇ ಇದ್ದೆ. ಬಸ್ಸು ಹತ್ತಿಸುವವರೆಗೂ ಆಗಲಿಲ್ಲ. ನಿನ್ನ ಬಾಯಿ ಎಲ್ಲಿಂದ ಬಂತು ಅಂತ ಈಗ ತಿಳಿಯಿತು. ಹಾಗಾಗಿ ಬರೆಯುತ್ತೇನೆ.

ಬುಧವಾರ ಶಿವಮೊಗ್ಗಕ್ಕೆ ತೋರಿಸಲು ಹೋಗಿದ್ದೆ. ಒತ್ತಡ ಇಳಿದಿದೆ. ಇರುವುದು ಸದ್ಯಕ್ಕೆ ಇರುತ್ತೆ ಅಂದರು. ಎಡಗಣ್ಣು ಇನ್ನು ಲೆಕ್ಕಕ್ಕಿಲ್ಲ. ಬರುವಾಗ ಅದೇ ನರ್ಸು ಸಿಕ್ಕಳು. ನಾನು ಕೇಳಿದೆ. ನನ್ನ ಗಾಜು ಚೆನ್ನಾಗಿದೆ, ವೈರು ಮಾತ್ರ ಸುಟ್ಟಿದೆ ಅಂತ ಮಗಳು ಬರೆದಿದ್ದಾಳೆ, ಹಾಗಾದರೆ ನಾನು ಹೋದ ಮೇಲೆ ಆ ಗಾಜು ಯಾರಿಗಾದರೂ ಆಗುತ್ತಾ ಅಂತ. ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. ಆಗುತ್ತಂತೆ. ಗ್ಲಕೋಮಾ ಇದ್ದವರದ್ದೂ ಮುಂದಿನ ಪೊರೆ ಚೆನ್ನಾಗಿದ್ದರೆ ಬೇರೆಯವರಿಗೆ ಹಾಕ್ತಾರಂತೆ. ನನಗೆ ಯಾರದ್ದೂ ಆಗಲ್ಲ, ನನ್ನದು ಬೇರೆಯವರಿಗೆ ಆಗುತ್ತೆ. ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚನೆ ಮಾಡಿದೆ.

ಅಲ್ಲೇ ಒಂದು ಫಾರಂ ತುಂಬಿ ಕೊಟ್ಟೆ. ಗುತ್ಯಮ್ಮನ ಹೆಸರನ್ನೂ ಬರೆಸಿದೆ, ಹೆಂಡತಿ ಅಂತ ಇರುವ ಜಾಗದಲ್ಲಿ. ಕಣ್ಣು ಕೊಟ್ಟವರು ಅಂತ ಪಕ್ಕದಲ್ಲಿ ಬರೀರಿ ಅಂದೆ, ಅದಕ್ಕೆ ಜಾಗ ಇಲ್ಲ ಅಂದಳು.

ಆದರೆ ನಾನು ಬರೆದುಕೊಟ್ಟರೆ ಮುಗಿಯಲ್ಲವಂತೆ. ಹೋದ ದಿನ ಮನೆಯವರು ಒಪ್ಪಿ ಸಹಿ ಹಾಕಬೇಕಂತೆ. ಇಲ್ಲದಿದ್ದರೆ ಮುಟ್ಟುವುದಿಲ್ಲವಂತೆ.

ನಿನ್ನ ಅತ್ತೆ ಹಾಕುವುದಿಲ್ಲ, ಕೂಗಾಡುತ್ತಾಳೆ. ನೀನು ಬಾ. ಊರವರು ಏನೇ ಅಂದರೂ, ದೂರದಿಂದ ಯಾರು ಬರಬೇಕಾಗಿದ್ದರೂ, ಯಾರಿಗೂ ಕಾಯಬೇಡ. ಸಹಿ ಹಾಕು.

ಇದಕ್ಕೆ ಉತ್ತರ ಬೇಕು. ಪೂರ್ಣೇಶನ ಕೈಯಲ್ಲಿ ಕೊಡು, ನಾನು ಬಸ್‌ಸ್ಟ್ಯಾಂಡಿನಲ್ಲೇ ಇರುತ್ತೇನೆ.

ನಿನ್ನ
ಅಪ್ಪ